ಡಿಡಿ ಚಂದನ: ಚಾನೆಲ್ ಹೇಗಿದೆ, ಮತ್ತೆ ಆ ಮೂಲೆಯಲ್ಲಿರೋ ಕಣ್ಣಿನ ಕಥೆ

ಊರಲ್ಲಿ ಅಮ್ಮನಿಗೆ ಕೇಬಲ್ ತೆಗೆಸಿ ಫ್ರೀ ಡಿಶ್ ಹಾಕ್ಸಿದೀನಿ, ತಿಂಗಳ ಚಂದಾ ಇಲ್ಲ, ಡಿಶ್ಶು ಬಾಕ್ಸಿಗೆ ಒಂದ್ಸಲ ದುಡ್ಡು ಕೊಟ್ರೆ ಮುಗೀತು. ರಜಕ್ಕೆ ಹೋದಾಗ ಒಂದು ವಾರ ಪೂರ್ತಿ ಅಮ್ಮನ ಜೊತೆ ಕೂತು ದೂರದರ್ಶನದ ಕನ್ನಡ ಚಾನೆಲ್ ಚಂದನ ನೋಡ್ದೆ, ಎಷ್ಟೋ ವರ್ಷ ಆದ್ಮೇಲೆ.

ಮೊದ್ಲು ಹೇಳ್ಬೇಕಾದ್ದು ನೆಮ್ಮದಿ. ಇಲ್ಲಿ ಯಾರೂ ಕಿರುಚಲ್ಲ. ವಾರ್ತೆ ಓದೋರು ವಾರ್ತೆ ಓದ್ತಾರೆ ಅಷ್ಟೇ. 2002ರಲ್ಲಿ ಶುರುವಾದ 'ಥಟ್ ಅಂತ ಹೇಳಿ' ನೋಡಿ, ಡಾ. ನಾ. ಸೋಮೇಶ್ವರ ಅವರು ಪ್ರಶ್ನೆ ಕೇಳಿ ಸರಿ ಉತ್ತರಕ್ಕೆ ಪುಸ್ತಕ ಕೊಡ್ತಾರೆ, ದುಡ್ಡಲ್ಲ, ಪುಸ್ತಕ! ಅಮ್ಮ ಒಗ್ಗರಣೆ ಹಾಕ್ತಾನೇ ಅಡುಗೆಮನೆಯಿಂದ ಉತ್ತರ ಕೂಗ್ತಾರೆ, ಎಷ್ಟೋ ಸಲ ಸರಿಯಾಗೇ ಇರುತ್ತೆ.

ಆದ್ರೆ ನನ್ನ ಕಣ್ಣು ಮಾತ್ರ ಪದೇ ಪದೇ ಆ ಲೋಗೋ ಕಡೆಗೇ. ದೂರದರ್ಶನ 1959ರಲ್ಲಿ ದೆಹಲೀಲಿ ಆಕಾಶವಾಣಿಯ ಒಂದು ಭಾಗವಾಗಿ ಪ್ರಯೋಗಕ್ಕೆ ಅಂತ ಶುರುವಾದದ್ದು, 1976ರಲ್ಲಿ ಬೇರೆ ಆಯ್ತು, ಆಗ ಅದಕ್ಕೆ ತನ್ನದೇ ಗುರುತು ಬೇಕಾಯ್ತು. ಅಹಮದಾಬಾದಿನ ವಿನ್ಯಾಸ ಕಲಿಸೋ ಸಂಸ್ಥೆ ಎನ್‌ಐಡಿಯಲ್ಲಿ ಓದ್ತಿದ್ದ ದೇವಾಶಿಸ್ ಭಟ್ಟಾಚಾರ್ಯ ಅನ್ನೋ ವಿದ್ಯಾರ್ಥಿ ಮಧ್ಯೆ ಒಂದು ಗುಂಡು, ಸುತ್ತ ಎರಡು ಬಾಗಿದ ಗೆರೆ ಬರೆದ, ಅದೇ ಕಣ್ಣಾಯ್ತು. ಕಂಪ್ಯೂಟರ್ ಇಲ್ಲದ ಕಾಲ, ಆ ಚಿತ್ರದ ಪ್ರತಿಗಳನ್ನ ಕ್ಯಾಮೆರಾ ಕೆಳಗಿಟ್ಟು ತಿರುಗಿಸ್ತಾ ತಿರುಗಿಸ್ತಾ ಶೂಟ್ ಮಾಡಿ ಆ ಸುತ್ತೋ ಗೆರೆಗಳು ಕೂಡ್ಕೊಳ್ಳೋ ಹಾಗೆ ಮಾಡಿದ್ರು. ಪಂಡಿತ್ ರವಿಶಂಕರ್ ಮತ್ತೆ ಶಹನಾಯಿಯ ಉಸ್ತಾದ್ ಅಲಿ ಅಹಮದ್ ಹುಸೇನ್ ಖಾನ್ ಸೇರಿ ಟ್ಯೂನ್ ಮಾಡಿದ್ರು.

ನಮ್ಮನೆ ಹಳೇ ಟಿವಿ ಆನ್ ಮಾಡಿದ್ರೆ ಮೊದ್ಲು ಸೌಂಡ್ ಬರೋದು, ಚಿತ್ರ ಮೂಡೋಕೆ ಸ್ವಲ್ಪ ಹೊತ್ತು ಬೇಕು. ಹಾಗಾಗಿ ಕತ್ತಲೆ ಪರದೆ ಮುಂದೆ ಕೂತು ಶಹನಾಯಿ ಕೇಳಿಸ್ಕೊಳ್ತಿದ್ವಿ, ಆಮೇಲೆ ನಿಧಾನಕ್ಕೆ ಆ ಕಣ್ಣು ಮೂಡೋದು. ಇವತ್ತಿಗೂ ಆ ಟ್ಯೂನ್ ಕೇಳಿದ್ರೆ ಮೈ ಜುಮ್ ಅನ್ನುತ್ತೆ.

ಆಮೇಲೆ ಹೆಸ್ರು ಬಣ್ಣ ಎಲ್ಲ ಬದಲಾಗ್ತಾನೇ ಬಂತು. ನಮ್ಮ ಚಂದನ 1991ರಲ್ಲಿ ಬಂದಾಗ ಡಿಡಿ-9 ಅಂತಿತ್ತು, ಬರೀ ನಂಬರ್ ಹೋಗಿ ಶ್ರೀಗಂಧದ ಹೆಸ್ರು ಬಂದದ್ದು ನನ್ನ ಪ್ರಕಾರ ಇವರು ಮಾಡಿದ ಅತಿ ಒಳ್ಳೆ ಬದಲಾವಣೆ. ದೂರದರ್ಶನದ್ದೇ ಇನ್ನೊಂದು ಚಾನೆಲ್ ಡಿಡಿ ಮೆಟ್ರೋ 2003ರಲ್ಲಿ ಮುಚ್ಚಿ ಆ ಜಾಗಕ್ಕೆ ಡಿಡಿ ನ್ಯೂಸ್ ಬಂತು. 2017ರಲ್ಲಿ ಹೊಸ ಲೋಗೋ ಬೇಕು ಅಂತ ಜನರಿಗೇ ಸ್ಪರ್ಧೆ ಇಟ್ರು, ಕೊನೆಗೆ ಉಳಿದದ್ದು ಅದೇ ಕಣ್ಣು. 2024ರ ಏಪ್ರಿಲ್‌ನಲ್ಲಿ ಡಿಡಿ ನ್ಯೂಸ್ ಲೋಗೋ ಕೆಂಪಿಂದ ಕೇಸರಿಗೆ ಹೋದಾಗ ದೊಡ್ಡ ಗಲಾಟೆನೇ ಆಯ್ತು. ಅದು ಚುನಾವಣೆ ಸಮಯ, ಎಲ್ಲರ ದುಡ್ಡಲ್ಲಿ ನಡೆಯೋ ಚಾನೆಲ್ ಆ ಹೊತ್ತಲ್ಲಿ ಬಣ್ಣ ಮುಟ್ಟಬಾರದಿತ್ತು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಕಾರ್ಯಕ್ರಮಕ್ಕೆ ಐದಕ್ಕೆ ನಾಲ್ಕು ಸ್ಟಾರ್. ವಯಸ್ಸಾದೋರು, ಓದೋ ಮಕ್ಕಳು ಇರೋ ಮನೇಲಿ ಕಣ್ಮುಚ್ಚಿ ಹಾಕ್ಸಿ. ಚಂದನದೋರು ಯಾರಾದ್ರೂ ಇದನ್ನ ಓದಿದ್ರೆ ಒಂದೇ ವಿನಂತಿ, ಆ ತಿರುಗೋ ಹಳೇ ಕಣ್ಣು ಶಹನಾಯಿ ಸಮೇತ ದಿನಕ್ಕೊಂದ್ಸಲ ಪೂರ್ತಿ ಬರ್ಲಿ, ಸಂಜೆ ದೀಪ ಹಚ್ಚೋ ಹೊತ್ತಿಗೆ ಬಂದ್ರಂತೂ ಅಮ್ಮನಿಗೆ ತುಂಬಾ ಖುಷಿಯಾಗುತ್ತೆ.