ಹುಟ್ಟಿದ ವರ್ಷದ ಪುಸ್ತಕ, 1996: ಕಾಗದಕ್ಕೆ ಐದು, ಪ್ರಧಾನಿ ಪುಟಕ್ಕೆ ಎರಡು

ತಂಗಿ ಮಗಳ ಹುಟ್ಟುಹಬ್ಬಕ್ಕೆ ಈ ಪುಸ್ತಕ ತರಿಸಿದೆ. ಹೆಸರು, ಹುಟ್ಟಿದ ತಾರೀಕು, ಊರು ಕೊಟ್ಟರೆ ಆ ವರ್ಷ ದೇಶ ಆಳಿದವರು ಯಾರು, ಏನೇನು ನಡೆಯಿತು ಅಂತ ನಲವತ್ತು ಪುಟದಲ್ಲಿ ಅಚ್ಚು ಮಾಡಿ ಮನೆಗೆ ಕಳಿಸುತ್ತಾರೆ. ಬೆಲೆ 649 ರೂಪಾಯಿ, ಕೊರಿಯರ್ ಖರ್ಚು ಸೇರಿ. ಇಂಥ ಪುಸ್ತಕ ಇಂಗ್ಲಿಷಿನಲ್ಲಿ ಬೇಕಾದಷ್ಟು ಸಿಗುತ್ತವೆ. ಕನ್ನಡದಲ್ಲೂ ಮಾಡಿಕೊಡುತ್ತೇವೆ ಅಂದಿದ್ದಕ್ಕೇ ಇವರ ಹತ್ತಿರ ತೆಗೆದುಕೊಂಡೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಕಾಗದ ದಪ್ಪಗಿದೆ, ಹಿಂದಿನ ಪುಟದ ಅಚ್ಚು ಮುಂದಕ್ಕೆ ಕಾಣುವುದಿಲ್ಲ. ಅಂಟು ಹಚ್ಚಿ ಮುಗಿಸಿಲ್ಲ, ಹೊಲಿಗೆ ಹಾಕಿದ್ದಾರೆ. ರಕ್ಷಾಪುಟದ ಮೇಲೆ ಹುಡುಗಿ ಹೆಸರು ಬಂಗಾರದ ಬಣ್ಣದಲ್ಲಿ ಬಂದಿದೆ. ಒತ್ತಕ್ಷರ ಎಲ್ಲೂ ಒಡೆದಿಲ್ಲ. ಮದುವೆ ಪತ್ರಿಕೆ, ಬ್ಯಾನರ್ ಎಲ್ಲದರಲ್ಲೂ ಅಕ್ಷರ ಚೂರಾಗಿರುವುದನ್ನು ನೋಡಿ ನೋಡಿ ಸಾಕಾಗಿದೆ, ಹಾಗಾಗಿ ಇದನ್ನು ಹೇಳಲೇಬೇಕು. ಹೇಳಿದ ದಿನಕ್ಕೆ ತಲುಪಿತು. ಪ್ಯಾಕಿಂಗ್ ಕೂಡ ಚೆನ್ನಾಗಿತ್ತು.

ತೊಂದರೆ ಶುರುವಾಗೋದು ಮೂರನೇ ಪುಟದಲ್ಲಿ. ತಲೆಬರಹ 'ನೀನು ಹುಟ್ಟಿದಾಗ ನಮ್ಮ ನಾಯಕರು'. ಫೋಟೋ ಸಮೇತ ಐದು ಚೌಕ. ರಾಷ್ಟ್ರಪತಿ ಶಂಕರ್ ದಯಾಳ್ ಶರ್ಮಾ, ಸರಿ. ಉಪರಾಷ್ಟ್ರಪತಿ ಕೆ.ಆರ್. ನಾರಾಯಣನ್, ಸರಿ. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎ.ಎಂ. ಅಹ್ಮದಿ, ಅದೂ ಸರಿ. ಪ್ರಧಾನಮಂತ್ರಿ ಎಚ್.ಡಿ. ದೇವೇಗೌಡ. ಕರ್ನಾಟಕದ ಮುಖ್ಯಮಂತ್ರಿ ಜೆ.ಎಚ್. ಪಟೇಲ್.

ನಮ್ಮ ಹುಡುಗಿ ಹುಟ್ಟಿದ್ದು 1996ರ ಮೇ 22ಕ್ಕೆ. ಅವತ್ತು ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ. ದೇವೇಗೌಡರು ಇನ್ನೂ ವಿಧಾನಸೌಧದಲ್ಲಿ ಮುಖ್ಯಮಂತ್ರಿ ಕುರ್ಚಿ ಮೇಲಿದ್ದರು. ಪಟೇಲರು ಅವರ ಉಪಮುಖ್ಯಮಂತ್ರಿ. ಅಕ್ಕಪಕ್ಕದ ಎರಡು ಚೌಕವೂ ತಪ್ಪು!

ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತ ತಂಗಿ ಅಂದಳು. ನಾನು ಚನ್ನಗಿರಿಯಲ್ಲಿ ಹೈಸ್ಕೂಲ್ ಸಮಾಜ ವಿಜ್ಞಾನದ ಮೇಡಂ ಆಗಿದ್ದವಳು. ರಿಟೈರ್ ಆದರೂ ಕೆಂಪು ಇಂಕಿನ ಚಾಳಿ ಬಿಟ್ಟಿಲ್ಲ. ಅಲ್ಲದೆ ಮೇ ತಿಂಗಳು, ಶಾಲೆಗೆ ರಜೆ. ಬಾಣಂತಿ ತಂಗಿ ಒಳಕೋಣೆಯಲ್ಲಿ, ನಾವೆಲ್ಲ ಹೊರಗೆ ಟಿವಿ ಮುಂದೆ. ಲೋಕಸಭೆಯ ವಿಶ್ವಾಸಮತದ ಚರ್ಚೆಯನ್ನು ದೂರದರ್ಶನ ನೇರವಾಗಿ ತೋರಿಸಿತ್ತು. ಮಗು ಎಚ್ಚರವಾಗುತ್ತದೆ ಅಂತ ಸೌಂಡು ಕಮ್ಮಿ ಮಾಡಿ ವಾಜಪೇಯಿ ಭಾಷಣ ಕೇಳಿದ್ದೇವೆ. ಅವರ ಸರ್ಕಾರ ಇದ್ದ ಆ ಹದಿಮೂರು ದಿನದೊಳಗೆ ಹುಟ್ಟಿದ ಮಗುವಿನ ಪುಸ್ತಕದಲ್ಲಿ ಅವರೇ ಇಲ್ಲ ಅಂದರೆ ಹೇಗೆ?

ಪುಸ್ತಕ ಮಾಡುವವರಿಗೆ ವಾಟ್ಸಾಪಿನಲ್ಲಿ ಕೇಳಿದೆ. ಉತ್ತರ ಬೇಗ ಬಂತು, ಮರ್ಯಾದೆಯಿಂದಲೇ ಬಂತು. "ಮೇಡಂ, ಆ ವರ್ಷ ಯಾರು ಜಾಸ್ತಿ ದಿನ ಅಧಿಕಾರದಲ್ಲಿ ಇದ್ದರೋ ಅವರನ್ನು ಸಾಫ್ಟ್‌ವೇರ್ ತಾನೇ ಹಾಕಿಕೊಳ್ಳುತ್ತದೆ."

ಆ ಲೆಕ್ಕ ಹಾಕಿ ನೋಡಿ. ಜನವರಿಯಿಂದ ಮೇ 16ರ ತನಕ ಪಿ.ವಿ. ನರಸಿಂಹ ರಾವ್. ಅಲ್ಲಿಂದ ವಾಜಪೇಯಿ. ಮೇ 28ಕ್ಕೆ ಅವರು ರಾಜೀನಾಮೆ ಕೊಟ್ಟರು, ಮತಕ್ಕೆ ಹಾಕುವ ತನಕವೂ ಹೋಗಲಿಲ್ಲ. ಜೂನ್ 1ಕ್ಕೆ ದೇವೇಗೌಡರ ಪ್ರಮಾಣವಚನ. ಅಲ್ಲಿಂದ ಡಿಸೆಂಬರ್ 31ರ ತನಕ 214 ದಿನ. ಸಾಫ್ಟ್‌ವೇರ್ ಪ್ರಕಾರ ಗೌಡರೇ ಗೆದ್ದರು. ಐದು ವರ್ಷ ಪೂರ್ತಿ ಆಳಿದ ರಾಯರು, ಆ ವರ್ಷ ನಾಲ್ಕೂವರೆ ತಿಂಗಳು ಇದ್ದರೂ, ಸೋತರು. ವಾಜಪೇಯಿಯವರಂತೂ 1996ರಲ್ಲಿ ಯಾವ ತಾರೀಕಿಗೆ ಹುಟ್ಟಿದವರ ಪುಸ್ತಕದಲ್ಲೂ ಬರುವುದಿಲ್ಲ. ವರ್ಷಕ್ಕೆ ಒಬ್ಬನೇ ಪ್ರಧಾನಿ ಅನ್ನೋ ಚೌಕಟ್ಟು ಮಾಡಿಕೊಂಡು, ಮೂವರು ಪ್ರಧಾನಿಗಳನ್ನು ಕಂಡ ವರ್ಷವನ್ನು ಅದರೊಳಗೆ ತುರುಕಿದ್ದಾರೆ.

ಇನ್ನೊಂದು ಬೇಜಾರು. ದೇವೇಗೌಡರ ಫೋಟೋ ಕೆಳಗೆ ಇರುವುದು ಒಂದೇ ಸಾಲು. ಕನ್ನಡಿಗರೊಬ್ಬರು ಮೊದಲ ಸಲ ಪ್ರಧಾನಿಯಾದರು, ಅವರ ಜನತಾದಳಕ್ಕೆ 46 ಸ್ಥಾನ ಸಿಕ್ಕಿತ್ತು ಅಂತ. ಓದಿದ ಕೂಡಲೇ ನಮ್ಮ ಹುಡುಗಿ ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ: "ದೊಡ್ಡಮ್ಮ, 543ರಲ್ಲಿ 46 ಇಟ್ಟುಕೊಂಡು ಪ್ರಧಾನಿ ಆಗೋದು ಹೇಗೆ?"

ಅದೇ ಅಲ್ವಾ ಆ ವರ್ಷದ ಕಥೆ! ಬಿಜೆಪಿಗೆ 161, ಕಾಂಗ್ರೆಸ್ಸಿಗೆ 140. ಯಾರಿಗೂ ಬಹುಮತವಿಲ್ಲ. ದೊಡ್ಡ ಪಕ್ಷ ಅಂತ ರಾಷ್ಟ್ರಪತಿಗಳು ವಾಜಪೇಯಿಯವರನ್ನು ಕರೆದರು. ಜೊತೆಗೆ ಬರುವವರು ಸಾಕಷ್ಟು ಸಿಗಲಿಲ್ಲ. ಉಳಿದ ಸಣ್ಣಪುಟ್ಟ ಪಕ್ಷಗಳು ಸೇರಿ ಸಂಯುಕ್ತ ರಂಗ ಕಟ್ಟಿದವು, ಕಾಂಗ್ರೆಸ್ ಹೊರಗಿನಿಂದ ಬೆಂಬಲ ಅಂದಿತು. ಪ್ರಧಾನಿ ಯಾರು? ವಿ.ಪಿ. ಸಿಂಗ್ ನನಗೆ ಬೇಡ ಅಂದರು. ಜ್ಯೋತಿ ಬಸು ಅವರಿಗೆ ಅವರ ಪಕ್ಷವೇ ಬೇಡ ಅಂದಿತು. ಆಮೇಲೆ ಗೌಡರ ಹೆಸರು ಬಂತು. ಕರ್ನಾಟಕದ 28ರಲ್ಲಿ 16 ಸ್ಥಾನ ಗೆಲ್ಲಿಸಿ ಕೊಟ್ಟಿದ್ದರು, ಅದು ಅವರ ತೂಕ. ಆಗ ಅವರು ಸಂಸತ್ ಸದಸ್ಯರೂ ಆಗಿರಲಿಲ್ಲ, ಆಮೇಲೆ ರಾಜ್ಯಸಭೆಗೆ ಹೋದರು. ಇದನ್ನು ಅರ್ಧ ಪುಟದಲ್ಲಿ ಬರೆಯಬಹುದಿತ್ತು. ಜಾಗ ಬೇಕಿದ್ದರೆ 'ಆ ವರ್ಷದ ಫ್ಯಾಷನ್' ಅಂತ ನಾಲ್ಕು ಪುಟ ಇದೆಯಲ್ಲ, ಅದನ್ನು ಕತ್ತರಿಸಿದ್ದರೆ ನಡೆಯುತ್ತಿತ್ತು.

ಮಂತ್ರಿಗಳ ವಿಷಯ ಒಂದಕ್ಷರವೂ ಇಲ್ಲ. ಇಂದ್ರಜಿತ್ ಗುಪ್ತ ಗೃಹಮಂತ್ರಿಯಾದರು. ಕಮ್ಯುನಿಸ್ಟ್ ನಾಯಕರೊಬ್ಬರ ಕೈಗೆ ಆ ಖಾತೆ ಸಿಕ್ಕಿದ್ದು ಅದೇ ಮೊದಲು. ಹಣಕಾಸು ಚಿದಂಬರಂ, ವಿದೇಶಾಂಗ ಗುಜ್ರಾಲ್. ನಮ್ಮ ಕಡೆಯಿಂದ ಎಸ್.ಆರ್. ಬೊಮ್ಮಾಯಿ, ಸಿ.ಎಂ. ಇಬ್ರಾಹಿಂ ಇದ್ದರು.

ಘಟನೆಗಳ ಭಾಗ ಇದಕ್ಕಿಂತ ವಾಸಿ. ಕ್ರಿಕೆಟ್ ಪುಟ ನನಗೇ ಇಷ್ಟವಾಯಿತು. ಮಾರ್ಚ್ 9, ಚಿನ್ನಸ್ವಾಮಿ ಸ್ಟೇಡಿಯಂ, ವಿಶ್ವಕಪ್ ಕ್ವಾರ್ಟರ್ ಫೈನಲ್. ಸಿಧು 93, ಕೊನೆಗೆ ಜಡೇಜಾ ಬೀಸಾಟ, ವೆಂಕಟೇಶ್ ಪ್ರಸಾದ್ ಅಮೀರ್ ಸೊಹೈಲ್ ವಿಕೆಟ್ ಹಾರಿಸಿದ್ದು, ಪಾಕಿಸ್ತಾನದ ಮೇಲೆ 39 ರನ್ ಗೆಲುವು, ಎಲ್ಲ ಇದೆ. ನಾಲ್ಕು ದಿನದ ನಂತರ ಕಲ್ಕತ್ತದಲ್ಲಿ ಸೆಮಿಫೈನಲ್ ಕೆಟ್ಟದ್ದನ್ನೂ ಮುಚ್ಚಿಟ್ಟಿಲ್ಲ. ಜೂನಿನಲ್ಲಿ ಲಾರ್ಡ್ಸ್‌ನಲ್ಲಿ ನಮ್ಮ ದ್ರಾವಿಡ್ ಮೊದಲ ಟೆಸ್ಟಿನಲ್ಲೇ 95 ಹೊಡೆದಿದ್ದು, ಅಟ್ಲಾಂಟಾದಲ್ಲಿ ಲಿಯಾಂಡರ್ ಪೇಸ್ ಕಂಚು ತಂದಿದ್ದು ಬಂದಿದೆ. ನವೆಂಬರ್ 12ರ ಚರ್ಖಿ ದಾದ್ರಿ ವಿಮಾನ ದುರಂತ, ಆಕಾಶದಲ್ಲೇ ಎರಡು ವಿಮಾನ ಡಿಕ್ಕಿಯಾಗಿ 349 ಜನ ಸತ್ತದ್ದು, ಗಂಭೀರವಾಗಿ ಬರೆದಿದ್ದಾರೆ. ಮೇ 21ರ ಲಜಪತ್ ನಗರ ಬಾಂಬ್ ಸ್ಫೋಟ ಬಿಟ್ಟಿದ್ದಾರೆ. ಹುಟ್ಟುಹಬ್ಬದ ಪುಸ್ತಕ, ಅದೂ ಹುಟ್ಟಿದ ಹಿಂದಿನ ದಿನದ್ದು, ಹೋಗಲಿ ಬಿಡಿ.

ಆದರೆ ಬೆಂಗಳೂರಿನ ಮಿಸ್ ವರ್ಲ್ಡ್ ಸ್ಪರ್ಧೆಗೆ ಎರಡು ಪುಟ ಫೋಟೋ! ಅಲ್ಲಿ ನಡೆದ ಪ್ರತಿಭಟನೆಗೆ ಅರ್ಧ ಸಾಲು. ಈಜುಡುಗೆ ಸುತ್ತನ್ನು ಸೀಶೆಲ್ಸ್‌ಗೆ ಎತ್ತಿಕೊಂಡು ಹೋಗಬೇಕಾಯಿತು ಅನ್ನೋದೇ ಇಲ್ಲ. ಅದೇ ವರ್ಷ ಸೆಪ್ಟೆಂಬರ್ 12ಕ್ಕೆ ಮಹಿಳಾ ಮೀಸಲಾತಿ ಮಸೂದೆ ಮೊದಲ ಸಲ ಲೋಕಸಭೆಗೆ ಬಂದದ್ದೂ ಪುಸ್ತಕದಲ್ಲಿಲ್ಲ. ಆ ವಿಷಯ ಸಂಸತ್ತಿನಲ್ಲಿ ಪಾಸಾಗುವಾಗ 2023 ಬಂದಿತ್ತು. ಹೆಣ್ಣುಮಗಳಿಗೆ ಕೊಡುವ ಪುಸ್ತಕದಲ್ಲಿ ಕಿರೀಟ ಇದೆ, ಮಸೂದೆ ಇಲ್ಲ. ಡಿಸೆಂಬರ್ 12ರಂದು ಬಾಂಗ್ಲಾದೇಶದ ಜೊತೆ ಗಂಗಾ ನೀರಿನ ಒಪ್ಪಂದಕ್ಕೆ ಗೌಡರು, ಶೇಖ್ ಹಸೀನಾ ಸಹಿ ಹಾಕಿದ್ದು ಒಂದು ಮೂಲೆಯಲ್ಲಿ ಸಿಕ್ಕಿತು. ಮೂವತ್ತು ವರ್ಷದ ಒಪ್ಪಂದ ಅನ್ನೋದನ್ನು ನಾನೇ ಪೆನ್ಸಿಲ್‌ನಲ್ಲಿ ಪಕ್ಕದಲ್ಲಿ ಬರೆದೆ.

ಊರಿನ ಪುಟದಲ್ಲಿ ಇನ್ನೊಂದು ಎಡವಟ್ಟು. 'ಚನ್ನಗಿರಿ, ದಾವಣಗೆರೆ ಜಿಲ್ಲೆ' ಅಂತ ಹಾಕಿದ್ದಾರೆ. 1996ರಲ್ಲಿ ದಾವಣಗೆರೆ ಜಿಲ್ಲೆಯೇ ಇರಲಿಲ್ಲ, ನಾವು ಶಿವಮೊಗ್ಗಕ್ಕೆ ಸೇರಿದ್ದೆವು. ಹೊಸ ಜಿಲ್ಲೆ ಆದದ್ದು 1997ರಲ್ಲಿ, ಪಟೇಲರು ಮುಖ್ಯಮಂತ್ರಿ ಆಗಿದ್ದಾಗ. ಅವರ ಊರು ಕಾರಿಗನೂರು ನಮ್ಮ ತಾಲೂಕೇ. ಲೋಕಸಭೆಯಲ್ಲಿ ಮೊದಲು ಕನ್ನಡದಲ್ಲಿ ಮಾತಾಡಿದವರು ಅಂತ ಇಲ್ಲಿ ಈಗಲೂ ಅಭಿಮಾನ. ಮಗು ಹುಟ್ಟಿ ಒಂಬತ್ತು ದಿನಕ್ಕೆ, ಮೇ 31ಕ್ಕೆ, ಅವರು ಮುಖ್ಯಮಂತ್ರಿಯಾದರು. ಮಗು ಕಾಲ್ಗುಣ ಅಂತ ನಮ್ಮಮ್ಮ ಊರಿಡೀ ಹೇಳಿಕೊಂಡು ಬಂದಿದ್ದರು. ಅವರ ಫೋಟೋ ನೋಡಿ ಮನೆಯಲ್ಲಿ ಎಲ್ಲರಿಗೂ ಖುಷಿಯೇ, ತಾರೀಕು ಸರಿ ಇದ್ದಿದ್ದರೆ ಇನ್ನೂ ಖುಷಿ.

ಮತ್ತೆ ಬರೆದಾಗ ಆ ಎರಡು ಪುಟ ತಿದ್ದಿ ಪಿಡಿಎಫ್ ಕಳಿಸಿದರು. ಮೂರೂ ಪ್ರಧಾನಿಗಳ ಫೋಟೋ, ಕೆಳಗೆ ತಾರೀಕು, ಮೇ 22 ಎಲ್ಲಿ ಬೀಳುತ್ತದೆ ಅಂತ ಒಂದು ಬಾಣದ ಗುರುತು. ನಿಜ ಹೇಳಬೇಕೆಂದರೆ ಆ ಪುಟ ಮೊದಲಿನದಕ್ಕಿಂತ ಎಷ್ಟೋ ಚೆಂದ. ಮರುಮುದ್ರಣಕ್ಕೆ ಮಾತ್ರ 200 ರೂಪಾಯಿ ಕೇಳಿದರು. ತಪ್ಪು ಅವರದು, ದುಡ್ಡು ನನ್ನದು! ಕೊಟ್ಟೆ, ಯಾಕೆಂದರೆ ಹುಟ್ಟುಹಬ್ಬ ಹತ್ತಿರ ಬಂದಿತ್ತು. ಒಂದು ನಕ್ಷತ್ರ ಕಳೆದದ್ದು ಇದಕ್ಕೆ, ಇನ್ನೊಂದು ಆ ಸಾಫ್ಟ್‌ವೇರಿಗೆ. ಐದಕ್ಕೆ ಮೂರು.

ತೆಗೆದುಕೊಳ್ಳಬಹುದಾ ಅಂತ ಕೇಳಿದರೆ, ವರ್ಷ ನೋಡಿ ತೆಗೆದುಕೊಳ್ಳಿ. 1974, 1987, 2006ರಂಥ ಒಬ್ಬರೇ ಪ್ರಧಾನಿ ಇದ್ದ ವರ್ಷವಾದರೆ ಧೈರ್ಯವಾಗಿ ತರಿಸಿ. 1964ರ ಮೇ ಕೊನೆ ಅಥವಾ 1966ರ ಜನವರಿಯಲ್ಲಿ ಹುಟ್ಟಿದ ಅಪ್ಪನಿಗೋ ಅತ್ತೆಗೋ ಆದರೆ, ಗುಲ್ಜಾರಿಲಾಲ್ ನಂದಾ ಹೆಸರು ಬಂದಿದೆಯಾ ಅಂತ ಮೊದಲು ಕೇಳಿ. 1979, 1984, 1989, 1990, 1991, 1997, 1998, ಇವಕ್ಕೂ ಅಚ್ಚಿಗೆ ಮುಂಚೆ ಮೂರನೇ ಪುಟದ ಪಿಡಿಎಫ್ ತರಿಸಿಕೊಂಡು ನೋಡಿ. ಆರ್ಡರ್ ಮಾಡುವಾಗ ಷರಾ ಬರೆಯಲು ಒಂದು ಜಾಗ ಕೊಟ್ಟಿದ್ದಾರೆ, ಅಲ್ಲೇ ಕೇಳಬಹುದು. ಅಚ್ಚಿಗೆ ಮೊದಲು ತಿದ್ದಿಸಿದರೆ ದುಡ್ಡು ತೆಗೆದುಕೊಳ್ಳುವುದಿಲ್ಲವಂತೆ.