ಬಾತ್ ಕಡೆಯೋ, ಕೇನ್ ಹಿಲ್ ಕಡೆಯೋ?

ಇಂಗ್ಲೆಂಡಿನ ಕೆನೆಟ್ ಅಂಡ್ ಏವನ್ ಕಾಲುವೆಯಲ್ಲಿ ನ್ಯಾರೋಬೋಟ್ (ಕಿರಿದಾದ ಉದ್ದನೆಯ ದೋಣಿ) ನಡೆಸಲು ಒಂದೇ ದಿನ ಇದೆಯೇ? ಹಾಗಾದರೆ ಮೈ ಬಗ್ಗಿಸುವವರು ಎಷ್ಟು ಜನ ಅನ್ನೋದನ್ನು ಮೊದಲು ಲೆಕ್ಕ ಹಾಕಿ.

ಲಾಕ್ ಅಂದರೆ ನೀರು ತುಂಬಿಸಿ ಅಥವಾ ಖಾಲಿ ಮಾಡಿ ದೋಣಿಯನ್ನು ಏರಿಸುವ, ಇಳಿಸುವ ಬಾಗಿಲುಗಳ ತೊಟ್ಟಿ. ಬಾತ್ ಊರಿನ ಲಾಕ್‌ಗಳನ್ನು ದಾಟಿದ ಮೇಲೆ ಬ್ರಾಡ್‌ಫರ್ಡ್ ಆನ್ ಏವನ್‌ವರೆಗೆ ಸುಮಾರು 14 ಕಿ.ಮೀ. ನೀರು ಒಂದೇ ಮಟ್ಟದಲ್ಲಿದೆ. ಡಂಡಸ್ ಮೇಲ್ಗಾಲುವೆಯಲ್ಲಿ ನಿಮ್ಮ ದೋಣಿ ಮೇಲೆ, ಏವನ್ ನದಿ ಕೆಳಗೆ. ವೇಗದ ಮಿತಿ ಗಂಟೆಗೆ 4 ಮೈಲಿ. ದಡದಲ್ಲಿ ನಡೆಯುವವರು ಹಿಂದೆ ಹಾಕಿದರೆ ಬೇಸರ ಬೇಡ. ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ, ಬೇಗ ರೂಢಿಯಾಗುತ್ತದೆ.

ಡಿವೈಜಸ್ ಬಳಿಯ ಕೇನ್ ಹಿಲ್ ಬೇರೆಯೇ ಕಥೆ. 2 ಮೈಲಿಯಲ್ಲಿ 29 ಲಾಕ್, 72 ಮೀಟರ್ ಏರು. ಪ್ರತಿ ಲಾಕ್‌ನಲ್ಲೂ ತೂಬು ಎತ್ತಿ, ನೀರು ಸಮವಾಗುವ ತನಕ ಕಾದು, ಉದ್ದನೆಯ ತೊಲೆಗೆ ಬೆನ್ನು ಕೊಟ್ಟು ಬಾಗಿಲು ತಳ್ಳಬೇಕು. ಐದಾರು ತಾಸು ಇದರಲ್ಲೇ ಕಳೆಯುತ್ತದೆ. ಲಾಕ್ ಅಗಲವಾಗಿದೆ, ಇನ್ನೊಂದು ದೋಣಿ ಜೊತೆಗೆ ಸಿಕ್ಕರೆ ಅದೃಷ್ಟ, ಎರಡೂ ಪಕ್ಕಪಕ್ಕ ನಿಂತು ಕೆಲಸ ಹಂಚಿಕೊಳ್ಳಬಹುದು. ಇಳಿಯುವಾಗ ಮಾತ್ರ ದೋಣಿಯ ಹಿಂಭಾಗ ಮೇಲಿನ ಬಾಗಿಲ ಬುಡದ ಕಟ್ಟೆಯ ಮೇಲೆ ಕೂರದಂತೆ ನೋಡಿಕೊಳ್ಳಿ. ಕೂತರೆ ಮೂತಿ ನೀರಿಗಿಳಿಯುತ್ತದೆ.

ವಯಸ್ಸಾದವರು, ಮಕ್ಕಳು ಇದ್ದರೆ ಎರಡು ಮಾತಿಲ್ಲ, ಬಾತ್. ಲಾಕ್ ನೋಡುವ ಆಸೆಯಷ್ಟೇ ಇದ್ದರೆ ಕೇನ್ ಹಿಲ್‌ನ ದಡದ ಮೇಲೆ ನಡೆದರೂ ಸಾಕು, ಬೇರೆಯವರು ಬೆವರುವುದನ್ನು ನೋಡಬಹುದು.