ಟಿಕೆಟ್ ಜೊತೆ ಬರೋ ಕಾರ್ಬನ್ ಆಫ್‌ಸೆಟ್ ಟಿಕ್: ಐದಕ್ಕೆ ಎರಡು ಸ್ಟಾರ್

ಲಂಡನ್ನಿಂದ ಬೆಂಗಳೂರಿಗೆ ಟಿಕೆಟ್ ಬುಕ್ ಮಾಡೋವಾಗ ಸೀಟು, ಊಟ, ಲಗೇಜ್ ಎಲ್ಲಾ ಆದ್ಮೇಲೆ ಒಂದು ಹಸಿರು ಎಲೆ ಚಿತ್ರ ಬರುತ್ತಲ್ಲ, ನಿಮ್ಮ ಹೊಗೆ ಲೆಕ್ಕ ಚುಕ್ತಾ ಮಾಡಿ (ಅಂದ್ರೆ ಬೇರೆ ಕಡೆ ಹೊಗೆ ಕಮ್ಮಿ ಮಾಡೋ ಪ್ರಾಜೆಕ್ಟಿಗೆ ದುಡ್ಡು ಕೊಡಿ) ಅಂತ, ಅದನ್ನ ಈ ಸಲ ಒತ್ತೇಬಿಟ್ಟೆ. ಏರ್‌ಲೈನ್ ಹೆಸರು ಬೇಡ ಬಿಡಿ. ದುಡ್ಡು ಹೋಯ್ತು, ಥ್ಯಾಂಕ್ಯೂ ಮೇಲ್ ಬಂತು, ಯಾವ ಪ್ರಾಜೆಕ್ಟಿಗೆ ಹೋಯ್ತು ಎಷ್ಟು ಕೆಜಿಗೆ ಅಂತ ಮಾತ್ರ ಎಲ್ಲೂ ಇಲ್ಲ. ಒಂದು ಕೆಜಿ ಇಂಧನ ಉರಿದ್ರೆ 3.16 ಕೆಜಿ ಕಾರ್ಬನ್ ಡೈಆಕ್ಸೈಡ್, ಇಷ್ಟು ಸಿಂಪಲ್ ಗುಣಾಕಾರ ತೋರ್ಸಕ್ಕೇನು ಕಷ್ಟ?

ತಲೆ ಕೆಟ್ಟು, ಬ್ರಿಟನ್ ಸರ್ಕಾರ 2024ರ ಡಿಸೆಂಬರಲ್ಲಿ ಜನಾಭಿಪ್ರಾಯಕ್ಕೆ ಬಿಟ್ಟಿದ್ದ ಕಾರ್ಸಿಯಾ ಕರಡು ಓದಕ್ಕೆ ಕೂತೆ. ಅಂತಾರಾಷ್ಟ್ರೀಯ ವಿಮಾನಗಳ ಹೊಗೆ 2019ರ ಮಟ್ಟದ 85% ದಾಟಿದ್ರೆ ಹೆಚ್ಚಾದ್ದಕ್ಕೆ ಕಂಪನಿಗಳೇ ಕ್ರೆಡಿಟ್ (ಬೇರೆ ಕಡೆ ಹೊಗೆ ಕಮ್ಮಿ ಮಾಡಿದ್ದರ ಲೆಕ್ಕದ ಚೀಟಿ) ಕೊಳ್ಳಬೇಕು ಅನ್ನೋ, ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಐಕಾವೋದ ಸ್ಕೀಮ್ ಇದು, 2016ರಲ್ಲಿ ಒಪ್ಕೊಂಡಿದ್ದು. ಹೊಗೆ ಅಳೆದು ವರದಿ ಕೊಡೋ ಭಾಗ 2021ರಲ್ಲೇ ಬ್ರಿಟನ್ನಲ್ಲಿ ಕಾನೂನಾಗಿತ್ತು, ಈ ಕರಡಲ್ಲಿ ಕೇಳಿದ್ದು ಆಫ್‌ಸೆಟ್ ಬಗ್ಗೆ, ಮತ್ತೆ ಅವ್ರದೇ ಇಟಿಎಸ್ (ಹೊಗೆ ಬಿಡೋ ಪರ್ಮಿಟ್ ಕೊಂಡು ಮಾರೋ ವ್ಯವಸ್ಥೆ) ಜೊತೆ ಇದನ್ನ ಹೆಂಗೆ ಹೊಂದಿಸೋದು ಅಂತ. ಓದಕ್ಕೆ ಎರಡು ಲೋಟ ಕಾಫಿ ಬೇಕಾಯ್ತು, ಆದ್ರೆ ಆ ಥ್ಯಾಂಕ್ಯೂ ಮೇಲ್‌ಗಿಂತ ಸಾವಿರ ಪಾಲು ವಾಸಿ.

ಮಜಾ ಏನಪ್ಪಾ ಅಂದ್ರೆ ರೂಟಿನ ಎರಡೂ ತುದಿ ದೇಶ ಸ್ಕೀಮಲ್ಲಿ ಇರಬೇಕು, ಭಾರತ ಸೇರೋದು 2027ಕ್ಕೆ. ಅಲ್ಲೀತನಕ ನಮ್ಮೂರಿನ ಫ್ಲೈಟು ಈ ಲೆಕ್ಕಕ್ಕೇ ಇಲ್ಲ, ಹಸಿರು ಎಲೆ ಪೂರ್ತಿ ಕಂಪನಿ ಇಷ್ಟ. ಎರಡು ಸ್ಟಾರ್ ಕೊಟ್ಟಿದ್ದು ಯಾಕಂದ್ರೆ ಬಾಕ್ಸು ಮೊದಲೇ ಟಿಕ್ ಆಗಿರ್ಲಿಲ್ಲ, ಅಷ್ಟೇ.